ಮೆತ್ತನೆಯ ಶವರ್ ಟ್ರೇ: ಕಾಲಿಗೆ ಹಿತವಾಗಿರಬೇಕು, ನೀರೂ ಹರಿಯಬೇಕು

ಸ್ನಾನದ ಮನೆಯ ನೆಲದ ಬಗ್ಗೆ ಯಾರೂ ಸುಮ್ಮನೆ ಕೂತು ಯೋಚಿಸುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಮಂಡಿ ಆಪರೇಷನ್ ಆಗಿ ಜಾರುವ ಭಯ ಹತ್ತಿದಾಗ, ಇಲ್ಲವೇ ಶವರ್ ಮೂಲೆಯ ಹಿಂದಿನ ಗೋಡೆಯಲ್ಲಿ ತೇವದ ಕಲೆ ಏಳತೊಡಗಿದಾಗ ಅದು ಒಮ್ಮೆಲೇ ದೊಡ್ಡ ವಿಷಯವಾಗುತ್ತದೆ. ಆಗ ಹುಡುಕಾಡಿದವರ ಕಣ್ಣಿಗೆ ಪಿಂಗಾಣಿ, ಅಕ್ರಿಲಿಕ್ ಟ್ರೇಗಳ ನಡುವೆ ಇನ್ನೊಂದು ಬಗೆಯೂ ಬೀಳುತ್ತದೆ: ಒತ್ತಿದರೆ ತಗ್ಗುವ, ಬಗ್ಗಿಸಿದರೆ ಬಗ್ಗುವ ಟ್ರೇ. ಕಿರಿದಾದ ಬಾಗಿಲಲ್ಲೂ ಬಾಗಿಸಿ ಒಳಗೆ ತರಬಹುದು, ಚಾಕುವಿನಲ್ಲೇ ಕತ್ತರಿಸಬಹುದು, ಬರಿಗಾಲಿಗೆ ಕೊರೆಯುವುದಿಲ್ಲ ಎಂದೆಲ್ಲ ಅದರ ಬಗ್ಗೆ ಬರೆದಿರುತ್ತಾರೆ. ಸುಳ್ಳೇನಲ್ಲ. ಆದರೆ ಮೆತ್ತಗಿನ ವಸ್ತುವಿನಲ್ಲಿ ನೀರು ಹರಿಯುವ ನೆಲ ಮಾಡುವುದು ಕೇಳಿದಷ್ಟು ಸುಲಭವಲ್ಲ. ಕಷ್ಟ ಎಲ್ಲಿದೆ, ಅದನ್ನು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ಬುಡದಿಂದ ನೋಡೋಣ.

## ಟ್ರೇಯ ಕೆಲಸವೇನು

ಶವರ್ ಕೆಳಗೆ ಕೂರಿಸುವ, ಅಂಚು ತುಸು ಎತ್ತರವಿರುವ ಅಗಲದ ತಟ್ಟೆಯೇ ಶವರ್ ಟ್ರೇ. ಅದು ನಿಂತವರ ಭಾರ ಹೊರಬೇಕು, ಬಿದ್ದ ನೀರನ್ನು ಕಿಂಡಿಯ ಕಡೆ ಸಾಗಿಸಬೇಕು, ಅಂಚಿನಲ್ಲಿ ಒಂದು ಹನಿಯೂ ಗೋಡೆಯೊಳಗೆ ಇಳಿಯದಂತೆ ತಡೆಯಬೇಕು.

ನೀರು ಸಾಗಿಸಲು ಬೇಕಾದ ಇಳಿಜಾರಿಗೆ ಗಾರೆ ಕೆಲಸದವರು ವಾಟ ಎನ್ನುತ್ತಾರೆ. ಶವರ್ ನೆಲಕ್ಕೆ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡರಷ್ಟು ವಾಟ ಕೊಡುತ್ತಾರೆ. ಅಂದರೆ ಒಂದು ಮೀಟರ್ ದೂರಕ್ಕೆ 1ರಿಂದ 2 ಸೆಂಟಿಮೀಟರ್ ಇಳಿತ. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ. ತೀರಾ ಹೆಚ್ಚಾದರೆ ಕಣ್ಣುಮುಚ್ಚಿ ತಲೆಗೆ ಸೋಪು ಹಚ್ಚಿಕೊಂಡವರ ಕಾಲು ಆ ಕಡೆಗೇ ಜರುಗುತ್ತದೆ. ಅಮೆರಿಕದಲ್ಲಿ ಗಾಲಿಕುರ್ಚಿ ಸಮೇತ ಒಳಹೋಗುವ ಶವರ್‌ಗಳಿಗೆ ಇರುವ ನಿಯಮ 48ಕ್ಕೆ 1ರ ವಾಟವನ್ನು ಮೀರಲು ಬಿಡುವುದಿಲ್ಲ. ಅದೂ ನೂರಕ್ಕೆ ಎರಡರ ಆಸುಪಾಸಿನ ಲೆಕ್ಕವೇ.

ಕಿಂಡಿಯ ಕೆಳಗಿರುವುದು ಟ್ರ್ಯಾಪ್. ಅದರ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿದ್ದು ಚರಂಡಿಯ ವಾಸನೆ ಮೇಲೆ ಬರದಂತೆ ತಡೆಯುತ್ತದೆ. ಈ ನೀರಿನ ಆಳ ಸಾಮಾನ್ಯವಾಗಿ ಕನಿಷ್ಠ 50 ಮಿಲಿಮೀಟರ್ ಇರಬೇಕು. ಟ್ರೇಯನ್ನು ಎಷ್ಟೇ ತೆಳ್ಳಗೆ ಮಾಡಿದರೂ ಅದರ ಕೆಳಗೆ ಇಷ್ಟು ಜಾಗ ಬೇಕೇ ಬೇಕು. ತೆಳ್ಳಗಿನ ಟ್ರೇ ಕೊಳ್ಳುವಾಗ ಜನ ಹೆಚ್ಚಾಗಿ ಮರೆಯುವುದು ಇದನ್ನೇ.

## ಗಟ್ಟಿ ಟ್ರೇ ಎಲ್ಲಿ ಸೋಲುತ್ತದೆ

ಈಗ ಬಳಕೆಯಲ್ಲಿರುವ ಟ್ರೇಗಳು ಬಹುತೇಕ ಗಟ್ಟಿ ವಸ್ತುಗಳವು. ಪಿಂಗಾಣಿ, ಎನಾಮಲ್ ಬಳಿದ ಉಕ್ಕು, ಬೆನ್ನಿಗೆ ಫೈಬರ್‌ಗ್ಲಾಸ್ ಕೊಟ್ಟ ಅಕ್ರಿಲಿಕ್, ಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಎರಕ ಹೊಯ್ದದ್ದು. ಸರಿಯಾಗಿ ಕೂರಿಸಿದರೆ ಇವು ವರ್ಷಗಟ್ಟಲೆ ಬಾಳುತ್ತವೆ. ಕಷ್ಟವೆಲ್ಲ ಆ 'ಸರಿಯಾಗಿ ಕೂರಿಸಿದರೆ' ಎಂಬಲ್ಲಿದೆ.

ಗಟ್ಟಿ ತಟ್ಟೆಯ ಕೆಳಗಿನ ನೆಲ ಪೂರ್ತಿ ಸಮವಾಗಿರುವುದು ಅಪರೂಪ. ಗಾರೆಯ ಹಾಸು ಒಂದು ಕಡೆ ಕಮ್ಮಿಯಾದರೆ ಅಲ್ಲಿ ಟೊಳ್ಳು ಉಳಿಯುತ್ತದೆ. ಅದರ ಮೇಲೆ ಹೆಜ್ಜೆ ಇಟ್ಟಾಗಲೆಲ್ಲ ಟ್ರೇ ಕೂದಲೆಳೆಯಷ್ಟು ಬಾಗಿ ಮೇಲೇಳುತ್ತದೆ. ದಿನಕ್ಕೆ ನಾಲ್ಕು ಜನ ಸ್ನಾನ ಮಾಡುವ ಮನೆಯಲ್ಲಿ ಇದು ವರ್ಷಕ್ಕೆ ಸಾವಿರಾರು ಸಲ ನಡೆಯುತ್ತದೆ. ಕೊನೆಗೆ ಟ್ರೇ ಬಿರುಕು ಬಿಡುತ್ತದೆ, ಇಲ್ಲವೇ ಕಿಂಡಿಯ ಕೀಲು ಸಡಿಲವಾಗುತ್ತದೆ, ಇಲ್ಲವೇ ಗೋಡೆಗೂ ಟ್ರೇಗೂ ನಡುವಿನ ಸಿಲಿಕೋನ್ ಪಟ್ಟಿ ಕಿತ್ತುಬರುತ್ತದೆ. ಹೆಚ್ಚಾಗಿ ಆಗುವುದು ಮೂರನೆಯದೇ.

ಆ ಸಿಲಿಕೋನ್ ಪಟ್ಟಿಯ ಲೆಕ್ಕ ನೋಡಿ. ಒಳ್ಳೆಯ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ತನ್ನ ಅಗಲದ ಶೇ 25ರಷ್ಟು ಹಿಗ್ಗುವಿಕೆ, ಕುಗ್ಗುವಿಕೆಯನ್ನು ತಾಳುತ್ತದೆ. ಸಂದು 6 ಮಿಲಿಮೀಟರ್ ಅಗಲವಿದ್ದರೆ ಒಂದೂವರೆ ಮಿಲಿಮೀಟರಿನ ಚಲನೆಗೆ ಅವಕಾಶ ಸಿಕ್ಕಿತು. ನೋಡಲು ಚೆನ್ನಾಗಿರಲಿ ಎಂದು 2 ಮಿಲಿಮೀಟರ್ ಸಂದು ಬಿಟ್ಟರೆ ಸಿಗುವುದು ಅರ್ಧ ಮಿಲಿಮೀಟರ್ ಮಾತ್ರ. ಇತ್ತ ಅಕ್ರಿಲಿಕ್ ಬಿಸಿಗೆ ಹಿಗ್ಗುವ ವಸ್ತು: 90 ಸೆಂಟಿಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಿಜವಾದ ಟ್ರೇ ಅಷ್ಟು ಸಮನಾಗಿ ಬಿಸಿಯಾಗುವುದಿಲ್ಲ, ನಿಜ. ಆದರೂ ಸಪೂರ ಪಟ್ಟಿಗಳು ಯಾಕೆ ಬೇಗ ಬಾಯಿ ಬಿಡುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ತೂಕ ಇನ್ನೊಂದು ತಲೆನೋವು. 90 ಸೆಂಟಿಮೀಟರ್ ಚೌಕದ ಕಲ್ಲು-ರೆಸಿನ್ ಟ್ರೇ 30 ಕಿಲೋ ದಾಟುವುದು ಸಾಮಾನ್ಯ. ಅದೇ ಗಾತ್ರದ, 4 ಸೆಂಟಿಮೀಟರ್ ದಪ್ಪದ ಟ್ರೇಯನ್ನು ಘನಮೀಟರಿಗೆ 250 ಕಿಲೋ ಸಾಂದ್ರತೆಯ ಫೋಮ್‌ನಲ್ಲಿ ಮಾಡಿದರೆ ಸುಮಾರು 8 ಕಿಲೋ. ಒಬ್ಬರೇ ಎತ್ತಿ ಒಳಗೆ ತರಬಹುದು.

## ಎಂಟು ಮಿಲಿಮೀಟರಿನ ಲೆಕ್ಕ

ಹಾಗಾದರೆ ಇಡೀ ಟ್ರೇಯನ್ನು ಮೆತ್ತಗಿನ ಫೋಮ್‌ನಲ್ಲಿ ಮಾಡಿಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಈ ವಿಷಯದ ತಿರುಳೇ ಇಲ್ಲಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

90 ಸೆಂಟಿಮೀಟರ್ ಚೌಕದ ಟ್ರೇ, ನಡುವೆ 9 ಸೆಂಟಿಮೀಟರಿನ ಕಿಂಡಿ ಎಂದಿಟ್ಟುಕೊಳ್ಳಿ. ಒಂದು ಬದಿಯ ನಡುವಿನಿಂದ ಕಿಂಡಿಯ ಅಂಚಿಗೆ ಸುಮಾರು 40 ಸೆಂಟಿಮೀಟರ್. ನೂರಕ್ಕೆ ಎರಡರ ವಾಟ ಕೊಟ್ಟರೂ ಒಟ್ಟು ಇಳಿತ 8 ಮಿಲಿಮೀಟರ್ ಅಷ್ಟೆ. ನೀರನ್ನು ಕಿಂಡಿಗೆ ಕರೆದೊಯ್ಯುವ ಶಕ್ತಿಯೆಲ್ಲ ಈ 8 ಮಿಲಿಮೀಟರಿನಲ್ಲೇ ಅಡಗಿದೆ. ಮೂಲೆಗಳ ಸ್ಥಿತಿ ಇನ್ನೂ ಬಿಗಿ: ಅಂಚು ಸುತ್ತಲೂ ಒಂದೇ ಎತ್ತರದಲ್ಲಿದ್ದರೆ ಮೂಲೆಯಿಂದ ಕಿಂಡಿಗೆ ಸುಮಾರು 59 ಸೆಂಟಿಮೀಟರ್ ದೂರ, ಇಳಿತ ಮಾತ್ರ ಅದೇ 8 ಮಿಲಿಮೀಟರ್. ವಾಟ ನೂರಕ್ಕೆ 1.4ರ ಹತ್ತಿರ ಬಂದು ನಿಂತಿತು. ಟ್ರೇಗಳ ಮೂಲೆಯಲ್ಲಿ ಸೋಪಿನ ನೀರು ನಿಲ್ಲುವ ದೂರಿಗೆ ಕಾರಣ ಇದು.

ಈಗ ಅದರ ಮೇಲೆ 70 ಕಿಲೋ ತೂಕದವರು ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲು ತೊಳೆಯುತ್ತಿದ್ದಾರೆ. ಪಾದ ನೆಲಕ್ಕೆ ತಾಗುವ ಜಾಗ ಅಂದಾಜು 120 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಅರ್ಧ ಕಿಲೋಗಿಂತ ಹೆಚ್ಚು ಭಾರ. ಹಿಮ್ಮಡಿಯ ಕೆಳಗೆ ಇನ್ನೂ ಜಾಸ್ತಿ. ಆ ಒತ್ತಡಕ್ಕೆ ಫೋಮ್ ಕಾಲು ಭಾಗದಷ್ಟು ಕುಗ್ಗುತ್ತದೆ ಎಂದರೆ, 20 ಮಿಲಿಮೀಟರ್ ದಪ್ಪದ ಪದರ 5 ಮಿಲಿಮೀಟರ್ ತಗ್ಗುತ್ತದೆ. ಇದ್ದ ಎಂಟರಲ್ಲಿ ಐದು ಹೋಯಿತು. ಹಾಸಿಗೆಯ ಮೇಲೆ ಕೂತಾಗ ಪಕ್ಕದಲ್ಲಿಟ್ಟ ಗೋಲಿ ನಾವು ಕೂತ ತಗ್ಗಿಗೇ ಉರುಳಿ ಬರುತ್ತದಲ್ಲ, ಹಾಗೆ ಇಲ್ಲಿ ನೀರು ಕಿಂಡಿಯನ್ನು ಬಿಟ್ಟು ಪಾದದ ಸುತ್ತ ಸೇರುತ್ತದೆ.

ಬಿಡುಗಡೆಯ ದಾರಿಯೂ ಇದೇ ಲೆಕ್ಕದಲ್ಲಿದೆ. ಅದೇ ಫೋಮ್‌ನ ಪದರ 4 ಮಿಲಿಮೀಟರ್ ಇದ್ದರೆ, ಕಾಲು ಭಾಗ ಕುಗ್ಗಿದಾಗ ತಗ್ಗುವುದು 1 ಮಿಲಿಮೀಟರ್. ಪಾದಕ್ಕೆ ಮೆತ್ತಗೆ ತಾಗಲು ಅದು ಸಾಕು, ವಾಟ ಕೆಡುವಷ್ಟು ಹೆಚ್ಚೂ ಅಲ್ಲ. ಆದ್ದರಿಂದ ಒಳ್ಳೆಯ ಮೆತ್ತನೆಯ ಟ್ರೇ ಮೇಲಿನಿಂದ ಕೆಳಗಿನವರೆಗೂ ಮೆತ್ತಗಿರುವುದಿಲ್ಲ. ಮೇಲೆ ಕೆಲವೇ ಮಿಲಿಮೀಟರಿನ ಮೃದು ಪದರ; ಅದರ ಕೆಳಗೆ ವಾಟವನ್ನು ಹಿಡಿದಿಟ್ಟುಕೊಳ್ಳುವ ಬಿಗಿಯಾದ ತಿರುಳು. ಈ ತಿರುಳು ಬಾಗಬಹುದು, ಆದರೆ ಒತ್ತಿದರೆ ತಗ್ಗಬಾರದು. ಇವೆರಡು ಬೇರೆಬೇರೆ ಗುಣಗಳು: ಬೆಲ್ಟಿನ ಚರ್ಮ ಸಲೀಸಾಗಿ ಬಾಗುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವುದಿಲ್ಲ. ಒಳಗೆ ತರುವಾಗ ಟ್ರೇಯನ್ನು ಮಡಚುವುದಕ್ಕೆ ಬಾಗುವ ಗುಣ ಬೇಕು, ನಿಂತಾಗ ವಾಟ ಉಳಿಯುವುದಕ್ಕೆ ತಗ್ಗದ ಗುಣ ಬೇಕು.

ಮೃದುತ್ವವನ್ನು ಅಳೆಯಲು ಶೋರ್ ಎ ಎಂಬ ಮಾಪಕವಿದೆ. ಮೊಂಡು ಮೊನೆಯ ಸಣ್ಣ ಸೂಜಿಯನ್ನು ವಸ್ತುವಿಗೆ ಒತ್ತಿ, ಅದು ಎಷ್ಟು ಒಳಗಿಳಿಯಿತು ಎಂಬುದನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ವಸ್ತು ಗಟ್ಟಿ. ಮೆತ್ತನೆಯ ರಬ್ಬರ್ ಬ್ಯಾಂಡ್ 25–30ರ ಆಸುಪಾಸು, ಕಾರಿನ ಟೈರಿನ ಮೇಲ್ಮೈ 60–70. ಟ್ರೇಯ ವಿವರಗಳಲ್ಲಿ ಈ ಅಂಕಿ ಕೊಟ್ಟಿದ್ದರೆ ಅದು ಮೇಲಿನ ಪದರದ್ದೋ ತಿರುಳಿನದ್ದೋ ಎಂದು ಕೇಳಿ. ಒಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಮೃದುವಾದಷ್ಟೂ ಒಳ್ಳೆಯದು ಎಂಬ ಭಾವನೆಗೆ ಇನ್ನೊಂದು ಅಡ್ಡಿ ಇದೆ, ಅದು ನಮ್ಮ ದೇಹದ್ದೇ. ನೆಲ ಎಲ್ಲಿದೆ, ಮೈ ಯಾವ ಕಡೆ ವಾಲಿದೆ ಎಂಬ ಸುದ್ದಿ ಪಾದ ಮತ್ತು ಕಣಕಾಲಿನಿಂದ ಮೆದುಳಿಗೆ ಹೋಗುತ್ತಿರುತ್ತದೆ. ದಪ್ಪ ಫೋಮ್ ಆ ಸುದ್ದಿಯನ್ನು ಮಸುಕು ಮಾಡುತ್ತದೆ. ಸಮತೋಲನ ಪರೀಕ್ಷಿಸುವ ಚಿಕಿತ್ಸಕರು ರೋಗಿಯನ್ನು ಬೇಕೆಂದೇ ದಪ್ಪ ಫೋಮ್ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುವುದು ಇದೇ ಕಾರಣಕ್ಕೆ. ತಲೆಗೆ ಶಾಂಪೂ ಹಚ್ಚಿ ಕಣ್ಣು ಮುಚ್ಚಿದವರೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿರುತ್ತಾರೆ. ವಯಸ್ಸಾದವರಿಗೆಂದು ಅತಿ ಮೆತ್ತಗಿನ ಟ್ರೇ ಆರಿಸುವವರು ಈ ಮಾತನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಗಾಲಿಕುರ್ಚಿ ಬಳಸುವವರಿಗಂತೂ ಮೃದು ನೆಲ ಬೇಡವೇ ಬೇಡ ಎನ್ನಬಹುದು. ಮುಂದಿನ ಸಣ್ಣ ಚಕ್ರಗಳು ಹೂತುಕೊಳ್ಳುತ್ತವೆ.

## ಕೊರೆಯದ ನೆಲ

ಹಿತ ಎಂದರೆ ಮೆತ್ತಗಿರುವುದಷ್ಟೇ ಅಲ್ಲ, ಬೆಚ್ಚಗಿರುವುದೂ ಹೌದು. ಒಂದೇ ಕೋಣೆಯಲ್ಲಿರುವ ಪಿಂಗಾಣಿಯೂ ಫೋಮೂ ಒಂದೇ ಉಷ್ಣತೆಯಲ್ಲಿರುತ್ತವೆ. ಥರ್ಮಾಮೀಟರ್ ಇಟ್ಟರೆ ಎರಡೂ 20 ಡಿಗ್ರಿ ತೋರಿಸಬಹುದು. ಕಾಲಿಟ್ಟರೆ ಮಾತ್ರ ಪಿಂಗಾಣಿ ತಣ್ಣಗೆ, ಫೋಮ್ ಬೆಚ್ಚಗೆ. ಪಾದದ ಶಾಖವನ್ನು ವಸ್ತು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದರಿಂದ ಈ ವ್ಯತ್ಯಾಸ. ಪಿಂಗಾಣಿ ದಟ್ಟವಾದ ವಸ್ತು, ಶಾಖ ಅದರೊಳಗೆ ಸರಾಗ ಹರಿದುಹೋಗುತ್ತದೆ. ಫೋಮ್‌ನ ಬಹುಭಾಗ ಗಾಳಿಯ ಗುಳ್ಳೆಗಳೇ ಆದ್ದರಿಂದ ಅಷ್ಟು ಹೀರುವುದಿಲ್ಲ. ಅಂದಾಜು ಲೆಕ್ಕ ಹಾಕಿದರೆ, 32 ಡಿಗ್ರಿಯ ಪಾದ 20 ಡಿಗ್ರಿಯ ಪಿಂಗಾಣಿಯನ್ನು ತಾಗಿದ ಕ್ಷಣದಲ್ಲಿ ತಾಗಿದ ಜಾಗ 25 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಫೋಮ್ ಆದರೆ 30ರ ಮೇಲೆಯೇ ಉಳಿಯುತ್ತದೆ. ಇದಕ್ಕೂ ದಪ್ಪ ಪದರವೇನೂ ಬೇಡ, ಕೆಲವು ಮಿಲಿಮೀಟರ್ ಸಾಕು.

## ಯಾವ ವಸ್ತು

ಹೆಚ್ಚಾಗಿ ಕೇಳಿಬರುವ ಹೆಸರು ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ಈ ವಸ್ತುವಿನ ದೊಡ್ಡ ಅನುಕೂಲವೆಂದರೆ, ಅದನ್ನು ಮಾಡಲು ಬೆರೆಸುವ ಎರಡು ದ್ರವಗಳ ಪ್ರಮಾಣ ಮತ್ತು ಬಗೆಯನ್ನು ಬದಲಿಸಿ ಸ್ಪಂಜಿನಿಂದ ಹಿಡಿದು ಗಾಲಿಯಷ್ಟು ಗಟ್ಟಿಯವರೆಗೆ ಬೇಕಾದ್ದನ್ನು ಪಡೆಯಬಹುದು. ಅದರಲ್ಲೊಂದು ತಂತ್ರ ಟ್ರೇಗೆ ಹೇಳಿ ಮಾಡಿಸಿದಂತಿದೆ. ದ್ರವವನ್ನು ಅಚ್ಚಿಗೆ ಹೊಯ್ದಾಗ ಅದು ಉಬ್ಬಿ ಫೋಮ್ ಆಗುತ್ತದೆ. ಅಚ್ಚಿನ ತಣ್ಣನೆಯ ಗೋಡೆಗೆ ತಾಗಿದ ಕಡೆ ಮಾತ್ರ ಗುಳ್ಳೆಗಳು ಕುಸಿದು ದಟ್ಟವಾದ ಚರ್ಮದಂಥ ಹೊರಪದರ ತಾನಾಗಿ ಮೂಡುತ್ತದೆ. ಕಾರಿನ ಸ್ಟೀರಿಂಗ್, ಕುರ್ಚಿಯ ಕೈಗಳನ್ನು ಮಾಡುವುದು ಹೀಗೇ. ಹೊರಪದರಕ್ಕೂ ತಿರುಳಿಗೂ ನಡುವೆ ಅಂಟು ಇಲ್ಲದ್ದರಿಂದ ಬಿಟ್ಟುಕೊಳ್ಳುವ ಭಯವೂ ಇಲ್ಲ.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಯೂ ಇಲ್ಲಿದೆ. ಪಾಲಿಯುರೆಥೇನ್‌ನಲ್ಲಿ ಪಾಲಿಯೆಸ್ಟರ್ ಬಗೆ, ಪಾಲಿಯೀಥರ್ ಬಗೆ ಎಂದು ಎರಡಿವೆ. ಪಾಲಿಯೆಸ್ಟರ್ ಬಗೆ ಸವೆತಕ್ಕೆ ಗಟ್ಟಿಮುಟ್ಟು, ಎಣ್ಣೆಗೂ ಜಗ್ಗದು. ಆದರೆ ಬಿಸಿನೀರು ಮತ್ತು ತೇವದಲ್ಲಿ ಅದರ ಅಣುಸರಪಳಿ ನಿಧಾನವಾಗಿ ತುಂಡಾಗುತ್ತದೆ. ಹಲವು ವರ್ಷ ಪೆಟ್ಟಿಗೆಯಲ್ಲಿಟ್ಟ ಶೂಗಳ ಅಟ್ಟೆ ಪುಡಿಪುಡಿಯಾಗುವುದಕ್ಕೂ ಬಹಳ ಸಲ ಇದೇ ಕಾರಣ. ಪಾಲಿಯೀಥರ್ ಬಗೆ ನೀರಿಗೆ ಚೆನ್ನಾಗಿ ತಡೆದುಕೊಳ್ಳುತ್ತದೆ. ದಿನವೂ ಬಿಸಿನೀರು ಬೀಳುವ ಜಾಗಕ್ಕೆ ಬೇಕಾದದ್ದು ಇದು.

ಇ.ವಿ.ಎ. (ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್) ಫೋಮ್ ಹಗುರ, ಅಗ್ಗ. ಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ. ಆದರೆ ಒಂದೇ ಜಾಗದಲ್ಲಿ ನಿಲ್ಲುತ್ತಾ ಬಂದರೆ ಅಲ್ಲಿ ಶಾಶ್ವತವಾಗಿ ಹಳ್ಳ ಬೀಳುತ್ತದೆ. ಸಿಲಿಕೋನ್ ರಬ್ಬರ್ ಬಿಸಿಗೆ ಅಂಜುವುದಿಲ್ಲ, ಬೇಗ ಹಳತಾಗುವುದಿಲ್ಲ. ಬೆಲೆ ಹೆಚ್ಚು, ಮೇಲಾಗಿ ಸಿಲಿಕೋನ್ ಸೀಲೆಂಟ್ ಬಿಟ್ಟರೆ ಬೇರೆ ಅಂಟು ಅದಕ್ಕೆ ಹಿಡಿಯುವುದೇ ಕಷ್ಟ. ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಲು ಸೇರಿಸಿದ ದ್ರವ ಕಾಲಕ್ರಮೇಣ ಹೊರಬಂದು ಹಾಳೆ ಪೆಡಸಾಗುತ್ತದೆ.

ಹಳ್ಳ ಬೀಳುವ ಗುಣವನ್ನೂ ಅಳೆಯುತ್ತಾರೆ. ಸಾಮಾನ್ಯವಾಗಿ ಬಳಸುವ ಒಂದು ವಿಧಾನದಲ್ಲಿ ರಬ್ಬರಿನ ತುಂಡನ್ನು ಶೇ 25ರಷ್ಟು ಅಮುಕಿ, 70 ಡಿಗ್ರಿಯಲ್ಲಿ 22 ಗಂಟೆ ಇಟ್ಟು, ಬಿಟ್ಟ ಮೇಲೆ ಎಷ್ಟು ಮರಳಿತು ನೋಡುತ್ತಾರೆ. 10 ಮಿಲಿಮೀಟರಿನ ತುಂಡನ್ನು 7.5ಕ್ಕೆ ಅಮುಕಿ ಬಿಟ್ಟಾಗ 9.5ಕ್ಕೆ ಮರಳಿದರೆ, ಅಮುಕಿದ ಎರಡೂವರೆ ಮಿಲಿಮೀಟರಿನಲ್ಲಿ ಅರ್ಧ ಮಿಲಿಮೀಟರ್ ಮರಳಲಿಲ್ಲ, ಅಂದರೆ ಶೇ 20. ಈ ಅಂಕಿ ಚಿಕ್ಕದಿದ್ದಷ್ಟೂ ಟ್ರೇ ತನ್ನ ಆಕಾರ ಉಳಿಸಿಕೊಳ್ಳುತ್ತದೆ.

## ಜಾರುತ್ತದೆಯೇ

ಮೆತ್ತಗಿದ್ದ ಮಾತ್ರಕ್ಕೆ ಜಾರುವುದಿಲ್ಲ ಎಂದುಕೊಳ್ಳಬೇಡಿ. ನಯವಾದ ಮೃದು ಮೇಲ್ಮೈಗೂ ಪಾದಕ್ಕೂ ನಡುವೆ ಸೋಪುನೀರಿನ ತೆಳು ಪೊರೆ ಸಿಕ್ಕಿಕೊಂಡರೆ ಅದೂ ಜಾರುತ್ತದೆ. ಆ ನೀರು ಪಕ್ಕಕ್ಕೆ ಹೋಗಲು ಸಣ್ಣ ಉಬ್ಬುತಗ್ಗುಗಳು ಬೇಕು. ತಗ್ಗು ಆಳವಾದರೆ ಕೊಳೆ ಕೂರುತ್ತದೆ, ತೀರಾ ತೆಳುವಾದರೆ ಪ್ರಯೋಜನವಿಲ್ಲ.

ಜರ್ಮನಿಯ ಡಿಐಎನ್ 51097 ಎಂಬ ಮಾನದಂಡದಿಂದ ಬಂದ ಪರೀಕ್ಷೆ ಸೊಗಸಾಗಿದೆ: ಸೋಪಿನಂಥ ದ್ರಾವಣ ಬೆರೆಸಿದ ನೀರು ಹರಿಯುವ ಹಲಗೆಯ ಮೇಲೆ ಒಬ್ಬರು ಬರಿಗಾಲಲ್ಲಿ ಹಿಂದೆ ಮುಂದೆ ನಡೆಯುತ್ತಾರೆ, ಹಲಗೆಯ ಓರೆಯನ್ನು ಹೆಚ್ಚಿಸುತ್ತಾ ಹೋಗುತ್ತಾರೆ. 12 ಡಿಗ್ರಿವರೆಗೆ ಜಾರದಿದ್ದರೆ ಎ ದರ್ಜೆ, 18ಕ್ಕೆ ಬಿ, 24ಕ್ಕೆ ಸಿ. ಶವರ್ ಜಾಗಕ್ಕೆ ಬಿ ದರ್ಜೆ ನೋಡಿಕೊಳ್ಳುವುದು ರೂಢಿ.

## ಕೂರಿಸುವಾಗ

ಇಲ್ಲಿ ಮೆತ್ತನೆಯ ಟ್ರೇಯ ಅನುಕೂಲ ನಿಜಕ್ಕೂ ಎದ್ದು ಕಾಣುತ್ತದೆ. ಮೂಲೆಮಟ್ಟ ಹಿಡಿದು ನೋಡಿದರೆ ಸ್ನಾನದ ಮನೆಯ ಮೂಲೆಗಳು ಸರಿಯಾಗಿ 90 ಡಿಗ್ರಿ ಇರುವುದು ಕಡಿಮೆ. ಗಟ್ಟಿ ಟ್ರೇ ಒಂದು ತುದಿಯಲ್ಲಿ ಗೋಡೆಗೆ ತಾಗಿ ಇನ್ನೊಂದು ತುದಿಯಲ್ಲಿ ಬೆರಳಗಲ ಸಂದು ಬಿಡುತ್ತದೆ. ಬಾಗುವ ಟ್ರೇಯನ್ನು ತುಸು ದೊಡ್ಡದಾಗಿಯೇ ಕತ್ತರಿಸಿ ಒತ್ತಿ ಕೂರಿಸಬಹುದು. ಅಂಚಿನಲ್ಲಿ ಗೋಡೆಗೆ ಏರುವ ತುಟಿಯನ್ನು ಟ್ರೇಯ ಜೊತೆಗೇ ಎರಕ ಹೊಯ್ದು, ಅದರ ಮೇಲೆ ಟೈಲ್ಸ್ ಇಳಿಬಿಟ್ಟರೆ ಸೋರುವ ಸಂದೇ ಇರುವುದಿಲ್ಲ. ಕಟ್ಟಡ ಕದಲಿದರೆ ತುಟಿ ತಾನೇ ಹಿಗ್ಗಿ ಕುಗ್ಗುತ್ತದೆ. ನನ್ನ ಮಟ್ಟಿಗೆ ಈ ವಿನ್ಯಾಸದ ಅತ್ಯಂತ ಜಾಣ ಭಾಗ ಇದೇ, ಕಾಲಿಗೆ ಸಿಗುವ ಹಿತ ಆಮೇಲಿನದು.

ಕತ್ತರಿಸುವಾಗ ಒಂದು ಎಚ್ಚರ. ನಡುವೆ ಕಿಂಡಿಯಿದ್ದು ನಾಲ್ಕೂ ಕಡೆಯಿಂದ ವಾಟ ಇರುವ ಟ್ರೇಯ ಒಂದು ಬದಿಯನ್ನು ಮಾತ್ರ 10 ಸೆಂಟಿಮೀಟರ್ ಕತ್ತರಿಸಿದರೆ, ಆ ಬದಿಯ ಹೊಸ ಅಂಚು ಉಳಿದವಕ್ಕಿಂತ 2 ಮಿಲಿಮೀಟರ್ ತಗ್ಗಿನಲ್ಲಿರುತ್ತದೆ. ಕಿಂಡಿ ಕಟ್ಟಿಕೊಂಡ ದಿನ ನೀರು ಮೊದಲು ಹೊರಬರುವುದು ಅಲ್ಲಿಂದಲೇ. ಒಂದು ಗೋಡೆಯುದ್ದಕ್ಕೂ ಉದ್ದನೆಯ ಕಿಂಡಿ ಇಟ್ಟು, ಒಂದೇ ಕಡೆಗೆ ವಾಟ ಕೊಟ್ಟ ಟ್ರೇಯಲ್ಲಿ ಎಡಬಲದ ಬದಿಗಳನ್ನು ಎಷ್ಟು ಕತ್ತರಿಸಿದರೂ ಈ ತೊಂದರೆ ಇಲ್ಲ. ಮನೆಯಲ್ಲೇ ಅಳತೆಗೆ ಕತ್ತರಿಸುವ ಟ್ರೇಗೆ ಇದೇ ಸರಿಯಾದ ಆಕಾರ.

ಮೆತ್ತನೆಯ ಟ್ರೇ ಕೆಳಗಿನ ನೆಲದ ಆಕಾರವನ್ನೇ ತಳೆಯುತ್ತದೆ ಎಂಬುದನ್ನೂ ಮರೆಯಬಾರದು. ಗಟ್ಟಿ ಟ್ರೇಯನ್ನು ಗಾರೆಯ ಮೇಲಿಟ್ಟು ರಸಮಟ್ಟ ನೋಡಿ ಸರಿಮಾಡಬಹುದು. ಇಲ್ಲಿ ನೆಲವನ್ನೇ ಮೊದಲು ಸಮ ಮಾಡಬೇಕು. ನೆಲದಲ್ಲಿ 3 ಮಿಲಿಮೀಟರ್ ಹಳ್ಳವಿದ್ದರೆ ಮೇಲೂ ಅಷ್ಟೇ ಹಳ್ಳ ಮೂಡಿ, ಎಂಟರಲ್ಲಿ ಮೂರು ಕಳೆದಂತೆ. ಅಂಟನ್ನು ಅಲ್ಲಲ್ಲಿ ಗುಪ್ಪೆ ಇಡದೆ ನೆಲಕ್ಕೆಲ್ಲ ಹರಡಿ, ನಡುವಿನಿಂದ ಹೊರಕ್ಕೆ ಒತ್ತಿ ಗಾಳಿ ತೆಗೆಯಬೇಕು.

ಕಿಂಡಿಯ ಸುತ್ತ ಮಾತ್ರ ಮೆತ್ತಗಿರುವುದು ಒಳ್ಳೆಯದಲ್ಲ. ಟ್ರ್ಯಾಪಿನ ತಿರುಪು ಬಿಗಿದಾಗ ಫೋಮ್ ಅಮುಕಿಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಇನ್ನಷ್ಟು ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಅಚ್ಚಿನಲ್ಲೇ ಗಟ್ಟಿ ಪ್ಲಾಸ್ಟಿಕ್ ಅಥವಾ ಸ್ಟೀಲಿನ ಬಳೆಯೊಂದನ್ನು ಹುದುಗಿಸಿ, ತಿರುಪಿನ ಬಿಗಿತವೆಲ್ಲ ಅದರ ಮೇಲೆ ಬೀಳುವಂತೆ ಮಾಡುತ್ತಾರೆ. ಟ್ರೇ ಕೊಳ್ಳುವಾಗ ತಿರುಗಿಸಿ, ಕಿಂಡಿಯ ತಳದಲ್ಲಿ ಈ ಬಳೆ ಇದೆಯೇ ಎಂದು ಬೆರಳಿಟ್ಟು ನೋಡಿ. ಬರೀ ಫೋಮ್ ಸಿಕ್ಕಿದರೆ ಬೇರೆಯದನ್ನು ನೋಡುವುದು ವಾಸಿ. ಜಾಲರಿಯನ್ನು ಮೇಲಿನಿಂದಲೇ ಬಿಚ್ಚಿ ಟ್ರ್ಯಾಪಿನ ಕೂದಲು ತೆಗೆಯಲು ಬರುತ್ತದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಬೇಕು. ಅಂಟಿಸಿದ ಮೇಲೆ ಕೆಳಗಿನಿಂದ ಕೈ ಹಾಕುವ ದಾರಿ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಟ್ರೇ ಒದ್ದೆ ಮಾಡಿ, ಒಬ್ಬರು ಬರಿಗಾಲಲ್ಲಿ ಮೂಲೆಮೂಲೆಯಲ್ಲೂ ನಿಂತು, ನೀರು ಎತ್ತ ಹೋಗುತ್ತದೆ ನೋಡಬೇಕು. ಖಾಲಿ ಟ್ರೇಯಲ್ಲಿ ನೀರು ಹರಿದದ್ದು ಲೆಕ್ಕಕ್ಕಿಲ್ಲ, ಭಾರ ಬಿದ್ದಾಗ ಹರಿಯಬೇಕು.

## ತೊಳೆಯುವುದು

ಸೌಮ್ಯ ಸೋಪು, ಮೆತ್ತನೆಯ ಬ್ರಷ್ಷು, ಕೊನೆಗೊಂದು ಸುತ್ತು ಬರೀ ನೀರು. ಇಷ್ಟು ಸಾಕು. ಗಟ್ಟಿ ಬ್ಲೀಚ್, ಆಸಿಡ್, ಉಕ್ಕಿನ ಜುಂಜು ಪಾಲಿಯುರೆಥೇನ್‌ನ ಹೊರಪದರವನ್ನು ಕೆಡಿಸುತ್ತವೆ. ಪದರ ಒಮ್ಮೆ ಹರಿದರೆ ಒಳಗಿನ ಫೋಮ್‌ಗೆ ನೀರು ಇಳಿಯಬಹುದು. ಬ್ಲೇಡಿನ ಗೀರಾದರೂ ಸರಿ, ಕಂಡ ಕೂಡಲೇ ತಯಾರಕರು ಹೇಳುವ ಸೀಲೆಂಟ್‌ನಿಂದ ಮುಚ್ಚಬೇಕು. ಕಿಂಡಿಯ ಸುತ್ತ ಕಾಣುವ ಗುಲಾಬಿ ಬಣ್ಣದ ಲೋಳೆಯನ್ನು ಅನೇಕರು ಬೂಷ್ಟು ಎಂದುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳ ಪದರ, ಸೋಪು ಶಾಂಪೂವಿನ ಉಳಿಕೆಯ ಮೇಲೆ ಬೆಳೆಯುತ್ತದೆ. ಉಜ್ಜಿದರೆ ಹೋಗುತ್ತದೆ, ನೀರು ನಿಲ್ಲುತ್ತಿದ್ದರೆ ಮತ್ತೆ ಬರುತ್ತದೆ. ಒಂದೇ ಜಾಗದಲ್ಲಿ ಪದೇಪದೇ ಬರುತ್ತಿದ್ದರೆ ಬ್ರಷ್ಷನ್ನು ಬದಿಗಿಟ್ಟು ಅಲ್ಲಿನ ವಾಟ ನೋಡಿ.